ಮೊದಲು ಮುರಿದದ್ದು

ಬಂದವರೆಲ್ಲ ಮೊದಲು ನೆಲ ನೋಡುತ್ತಿದ್ದರು. ಕೊಡೆ ಮಡಚಿ ಮೂಲೆಗಿಟ್ಟು, ಚಪ್ಪಲಿ ಬಿಟ್ಟು, ಬಿದ್ದು ಆಪರೇಶನ್ನಾಗಿ ಬಂದ ಅತ್ತೆ ಮಲಗಿದ್ದ ಕೋಣೆಗೆ ಹೋಗುವ ಮೊದಲು ಅವರ ಕಣ್ಣು ಒಂದು ಸಲ ಕೆಳಗಿಳಿದು, ಬಚ್ಚಲಿನಿಂದ ದೇವರ ಕೋಣೆಯವರೆಗಿನ ಇಕ್ಕಟ್ಟು ದಾರಿಯ ಹೊಳೆಯುವ ಟೈಲ್ಸಿನ ಮೇಲೆ ಹರಿದು, ಅಲ್ಲಿಂದ ನೆಟ್ಟಗೆ ಸೊಸೆ ಸುಮೇಧಾಳ ಮುಖಕ್ಕೆ ಬರುತ್ತಿತ್ತು. ಬಾಯಿಬಿಟ್ಟು ಯಾರೂ ಏನೂ ಅನ್ನುತ್ತಿರಲಿಲ್ಲ. ಫಾತೋರ್ಡಾದಿಂದ ಬಂದಿದ್ದ ಕುಲಕರ್ಣಿ ಬಾಯಿಯವರು ಮಾತ್ರ ಮೊನ್ನೆ ಚಹಾದ ಕಪ್ಪು ಹಿಡಿದುಕೊಂಡು, “ಈ ಟೈಲ್ಸ ಭಾಳ ಕೆಟ್ಟ ನೋಡ್ರಿ. ನಮ್ಮನ್ಯಾಗ ನಾ ಅಂತೂ ಒರಸಿದ ಮ್ಯಾಲೆ ಮತ್ತೊಮ್ಮೆ ಒಣಾ ಅರಿವಿಲೆ ಒರಸ್ತೀನಪಾ, ವಯಸ್ಸಾದವರು ಓಡಾಡೋ ಮನಿ” ಎಂದು, ಏನೂ ಅನ್ನದವರ ಹಾಗೆ ಊದಿ ಊದಿ ಕುಡಿದಿದ್ದರು. ಸುಮೇಧಾ ಆ ಕಪ್ಪನ್ನು ತೊಳೆಯುವಾಗ ಅದರ ಕಿವಿ ಮುರಿದು ಕೈಯಲ್ಲಿ ಬಂತು. ಅದು ಕೈಜಾರಿಯಲ್ಲ. ಅವಳು ಒತ್ತಿ ಮುರಿದಿದ್ದಳು. ಮುರಿದ ಮೇಲೆ ಯಾರಾದರೂ ನೋಡಿದರೇನೋ ಎಂದು ಹಿಂದಕ್ಕೆ ತಿರುಗಿದ್ದಳು. ತನ್ನದೇ ಮನೆಯಲ್ಲಿ ಕಳ್ಳಿಯ ಹಾಗೆ ತಿರುಗಿ ನೋಡಿದ್ದಕ್ಕೆ ಮತ್ತಷ್ಟು ಸಿಟ್ಟು ಬಂದಿತ್ತು.

ಆ ದಾರಿಯನ್ನು ಪೂಜೆಗೆ ಮೊದಲು ಅವಳು ಯಾವತ್ತೂ ಒರೆಸಿದವಳೇ ಅಲ್ಲ. ಅದು ಮಡಿಯ ದಾರಿ. ಬೆಳಿಗ್ಗೆ ಅತ್ತೆ ಸ್ನಾನ ಮಾಡಿ, ಹಿಂದಿನ ದಿನ ಹಿಂಡಿ ಹಾಕಿದ ಒಂಬತ್ತುವಾರಿ ಸೀರೆಯನ್ನು ಮೇಲಿನ ಗಳದಿಂದ ಕೋಲಿನಿಂದಲೇ ಇಳಿಸಿ ಉಟ್ಟು, ಆ ದಾರಿಯಲ್ಲಿ ಹಾದು ದೇವರ ಕೋಣೆ ಸೇರಬೇಕು. ಅಲ್ಲೇ ಮೂಲೆಯ ಒಲೆಯ ಮೇಲೆ ಮಾವನವರ ಅಡಿಗೆ ಆಗಬೇಕು. ಅಷ್ಟು ಹೊತ್ತು ಅವರನ್ನೂ ಆ ಸೀರೆಯನ್ನೂ ಆ ದಾರಿಯನ್ನೂ ಯಾರೂ ಮುಟ್ಟುವ ಹಾಗಿಲ್ಲ. ಧಾರವಾಡ ಬಿಟ್ಟು ಈ ಮಡಗಾಂವಿನ ಫ್ಲ್ಯಾಟಿಗೆ ಬಂದಾಗ ಮಾವನವರು ಮೊದಲು ಹಾಕಿಸಿದ್ದು ಛತ್ತಿಗೆ ಎರಡು ಕೊಂಡಿ, ಕೊಂಡಿಗೆ ಆ ಬಿದಿರಿನ ಗಳ. ಇದನ್ನು ಬಂದವರಿಗೆ ಹೇಳುವುದು ಹೇಗೆ? ಮಂದಿಗೆ ಗೊತ್ತಿಲ್ಲದಿದ್ದರೆ ಬಿಡು, ಮನೆಯವರಿಗೆ ಗೊತ್ತಿತ್ತಲ್ಲ? ಆದರೂ ಆಸ್ಪತ್ರೆಯಲ್ಲಿ ಡಾಕ್ಟರಬಾಯಿ ಹೇಗಾಯಿತೆಂದು ಕೇಳಿದಾಗ ಸುಧೀರ, ಅವಳ ಗಂಡ, ಅತ್ತೆಯ ಒಬ್ಬನೇ ಮಗ, “ಫ್ಲೋರ್ ಒದ್ದಿ ಇತ್ತು” ಅಂದ. ಅಂದು ಅವಳ ಕಡೆ ನೋಡಿದ. ಬೇಕೆಂದು ನೋಡಿದ್ದಲ್ಲ ಎಂದು ಆಮೇಲೆ ಅವನೇ ಹೇಳಿದ. ಬೇಕೆಂದು ನೋಡಿದ್ದರೆ ಅವಳಿಗೆ ಇಷ್ಟು ಉರಿಯುತ್ತಿರಲಿಲ್ಲ.

ಕೆಳಗೆ ಮಳೆಯಲ್ಲೇ ಪಾವ್ ಬ್ರೆಡ್ಡು ಮಾರುವವನ ಸೈಕಲ್ಲಿನ ಹಾರ್ನು ಪೊಂಯ್ ಪೊಂಯ್ ಎಂದು ಕೇಳಿಸಿತು. ದ್ವಾದಶಿ. ನಿನ್ನೆಯ ಏಕಾದಶಿ ಉಪವಾಸ ಮುಗಿಸಿ ಮಾವನವರು ಬೇಗ ಪಾರಣೆ ಮಾಡಬೇಕು. ಅತ್ತೆ ಬಿದ್ದ ದಿನದಿಂದ ಮಾವ ಬಿಂದುಮಾಧವರಾಯರು ಹಾಲು ಬಾಳೆಹಣ್ಣಿನ ಮೇಲೆ ಇದ್ದರು. ಮಡಿಯಲ್ಲದ ಅಡಿಗೆ ಉಣ್ಣುವುದಿಲ್ಲ, ಯಾರಿಗೂ ಒತ್ತಾಯವಿಲ್ಲ ಎನ್ನುತ್ತಿದ್ದರು. ಬಾಳೆಹಣ್ಣಿನ ಸಿಪ್ಪೆಯನ್ನು ಎಲ್ಲರಿಗೂ ಕಾಣುವ ಹಾಗೆ ತಾಟಿನಲ್ಲಿ ಜೋಡಿಸಿಡುತ್ತಿದ್ದರು. ಆ ಸಿಪ್ಪೆಗಳನ್ನು ಎತ್ತಿ ಹಾಕುವಾಗಲೆಲ್ಲ ಸುಮೇಧಾಳಿಗೆ ಅವು ತನಗೇ ಬರೆದಿಟ್ಟ ಬೈಗಳದ ಹಾಗೆ ಕಾಣುತ್ತಿದ್ದವು. ನಿನ್ನೆ ಬೆಳಗಾವಿಯಿಂದ ಮಂದಾಕಿನಿ ಬಂದಳು, ಅತ್ತೆಯ ಮಗಳು, ಸುಧೀರನಿಗೆ ಅಕ್ಕ. ಚೋರ್ಲಾ ಘಾಟಿನ ತಿರುವುಗಳಲ್ಲಿ ವಾಂತಿ ಮಾಡಿಕೊಂಡು ಬಿಳಿಚಿಕೊಂಡು ಬಂದವಳು ಅವ್ವನ ತಲೆಯ ಹತ್ತಿರ ಕೂತು ಅತ್ತಳು, ಅತ್ತು ಎದ್ದವಳು ಸ್ನಾನ ಮಾಡಿ ಅವ್ವನ ಮಡಿಸೀರೆಯನ್ನು ಒಗೆದು ಕೋಲಿನಿಂದ ಗಳದ ಮೇಲೆ ಹರವಿದಳು. ತಾನೇ ಉಡುವುದಕ್ಕೆ ಹರವಿದ್ದಾಳೆಂದು ಸುಮೇಧಾ ತಿಳಿದಿದ್ದಳು.

“ವೈನಿ, ಲಗೂ ಸ್ನಾನಾ ಮಾಡಿ ಆ ಸೀರಿ ಉಟ್ಕೋರಿ” ಎಂದಳು ಈಗ ಮಂದಾಕಿನಿ, ಅಡಿಗೆಮನೆಯ ಬಾಗಿಲಲ್ಲಿ ನಿಂತು. “ಅಪ್ಪಗ ಒಂದೀಟು ಅನ್ನ, ತೊವ್ವೆ, ಅಗಸಿ ಪಲ್ಯಾ ಸಾಕು. ನಾನ ಮಾಡ್ತಿದ್ದೆ, ಆದ್ರ ಮುಂಜಾನೆ ಈ ಬೆರಳು ಮಡಚೂದ ಇಲ್ಲ ನೋಡ್ರಿ. ಒದ್ದಿ ಅರಿವಿ ಅಂತೂ ಮುಟ್ಟಸಗೊಡೂದಿಲ್ಲ.”

“ಸೀರಿ ಇನ್ನೂ ಒಣಗಿಲ್ಲಕ್ಕಾ.”

“ಈ ಗೋವಾದ ಮಳ್ಯಾಗ ಯಾವದು ಒಣಗ್ತದ? ಅವ್ವ ಹಂಗs ಉಡ್ತಿದ್ಲು. ಮೈಮ್ಯಾಲೆ ಒಣಗತಿತ್ತು.”

ಮೈಮೇಲೆ ಒಣಗುತ್ತಿತ್ತು. ಸುಮೇಧಾ ಮಂದಾಕಿನಿಯ ಕೈ ನೋಡಿದಳು. ಉಂಗುರದ ಬೆರಳಿನ ಗೆಣ್ಣು ಬಾತು ಹೊಳೆಯುತ್ತಿತ್ತು. ಉಂಗುರ ಕೆಳಗೆ ಸಿಕ್ಕಿಕೊಂಡು ಅದರ ಎರಡೂ ಕಡೆ ಮಾಂಸ ಉಬ್ಬಿತ್ತು. ಅತ್ತೆಯ ಕೈ ಮೊದಮೊದಲು ಹೀಗೇ ಇತ್ತು. ಆಮೇಲೆ ಶುಂಠಿಯ ಗಡ್ಡೆಯ ಹಾಗಾಯಿತು. ಎಲ್ಲರೂ ನೋಡಿದ್ದರು. ನೋಡಿ, ವಯಸ್ಸಾಯಿತು, ಥಂಡಿ ಹವಾ, ಸಮುದ್ರದ ಗಾಳಿ ಎಂದಿದ್ದರು. ಮಗಳು ತನ್ವಿ ಸಣ್ಣವಳಿದ್ದಾಗ ಮಳೆಗಾಲದಲ್ಲಿ ಶಾಲೆಯಿಂದ ನೆನೆದು ಬಂದವಳೇ ಓಡಿ ಹೋಗಿ ಅಜ್ಜಿಯ ಎರಡೂ ಕೈ ಎತ್ತಿ ಕೆನ್ನೆಗಿಟ್ಟುಕೊಳ್ಳುತ್ತಿದ್ದಳು. “ಅಜ್ಜಿ ಕೈಯಾಗ ಹೀಟರ್ ಅದ!” ಎಂದು ಕೂಗುತ್ತಿದ್ದಳು. ಎಲ್ಲರೂ ನಗುತ್ತಿದ್ದರು. ಅತ್ತೆಯೂ ನಕ್ಕು, ನೋವಿಗೆ ತುಟಿ ಕಚ್ಚಿಕೊಂಡು, ಕೂಸಿನ ಕೆನ್ನೆಯಿಂದ ಕೈ ತೆಗೆಯುತ್ತಿರಲಿಲ್ಲ. ಸುಮೇಧಾಳೂ ನಗುತ್ತಿದ್ದಳು. ಮನುಷ್ಯರ ಕೈ ಅಷ್ಟು ಬಿಸಿ ಇರಬಾರದು ಎಂದು ಯಾರಿಗೂ ಹೊಳೆಯಲಿಲ್ಲ. ಮಗಳಿಗೆ ಜ್ವರ ಬಂದರೆ ಹಣೆ ಮುಟ್ಟುವ ಮೊದಲೇ ತಿಳಿಯುತ್ತಿದ್ದ ಅವಳಿಗೂ ಹೊಳೆಯಲಿಲ್ಲ.

ಡಾಕ್ಟರಬಾಯಿ ಆ ಕೈಗಳನ್ನೇ ಮೊದಲು ನೋಡಿದ್ದರು. ಮುರಿದದ್ದು ತೊಡೆಯ ಮೇಲ್ಗಡೆಯ ಎಲುಬು, ಸೊಂಟದ ಕೀಲಿನಲ್ಲಿ. ಎಕ್ಸರೇ ಅಲ್ಲೇ ಬೆಳಕಿನಲ್ಲಿ ತೂಗುತ್ತಿತ್ತು. ಅವರು ಅದನ್ನು ಬಿಟ್ಟು ಹಾಸಿಗೆಯ ಹತ್ತಿರ ಬಂದು ಗೆಣ್ಣುಗಳನ್ನು ಒಂದೊಂದಾಗಿ ಮೆಲ್ಲಗೆ ಒತ್ತಿ, ಇವರನ್ನು ಮನೆಯಲ್ಲಿ ಯಾರು ನೋಡಿಕೊಳ್ಳುತ್ತೀರಿ ಎಂದು ಕೊಂಕಣಿ ಬೆರೆತ ಹಿಂದಿಯಲ್ಲಿ ಕೇಳಿದರು. ನಾನು ಎಂದಳು ಸುಮೇಧಾ, ಒಂದಿಷ್ಟು ಹೆಮ್ಮೆಯಿಂದಲೇ. ಹಾಗಾದರೆ ಈ ಕೈ ನೋಡಿದ್ದೀರಿ ಎಂದರು ಅವರು. ಅಷ್ಟೇ. ಆ ಹೆಮ್ಮೆ ಬಾಯಲ್ಲೇ ಹುಳಿಯಾಯಿತು. ಆಮೇಲೆ ಅವರು ಬಿಡಿಸಿ ಹೇಳಿದರು. ಈ ಬಾವು ಬೆರಳಿನಲ್ಲಿ ಕಾಣುತ್ತದೆ ಅಷ್ಟೇ, ಇರುವುದು ಮೈಯೆಲ್ಲ, ರಕ್ತದಲ್ಲೇ. ಎಲುಬು ಅಂದರೆ ಕಲ್ಲಲ್ಲ, ಒಂದು ಕಡೆ ಸವೆಯುತ್ತ ಒಂದು ಕಡೆ ಕಟ್ಟುತ್ತ ದಿನಾ ಬದಲಾಗುವಂಥದ್ದು. ಒಳಗೆ ಈ ಬಾವು ವರ್ಷಗಟ್ಟಲೆ ಕೂತರೆ ಕೆಡಹುವ ಕೆಲಸ ಜೋರಾಗುತ್ತದೆ, ಕಟ್ಟುವ ಕೆಲಸ ನಿಲ್ಲುತ್ತದೆ. ಜೊತೆಗೆ ಮಾಂಸಖಂಡವೂ ಕರಗುತ್ತದೆ, ಹಿಡಿದು ನಿಲ್ಲಿಸುವುದಕ್ಕೆ ಬಲವಿರುವುದಿಲ್ಲ. ಸುಧೀರ ನಡುವೆ ಬಾಯಿ ಹಾಕಿ ಫ್ಲೋರ್ ಒದ್ದೆ ಇತ್ತೆಂದು ಮತ್ತೊಮ್ಮೆ ಹೇಳಿದ. ಇರಬಹುದು ಎಂದರು ಡಾಕ್ಟರಬಾಯಿ. “ಬಿದ್ದು ಮುರಿಯಿತೋ, ಮುರಿದು ಬಿದ್ದರೋ, ಇಂಥವರಲ್ಲಿ ಹೊರಗಿನವರು ಹೇಳುವುದು ಕಷ್ಟ. ಹಳೆಯ ಚೀಟಿಯಲ್ಲಿ ಬರೆದಿದ್ದ ಬಾವಿನ ಔಷಧ ಯಾವಾಗ ನಿಲ್ಲಿಸಿದಿರಿ?”

ಸುಧೀರ ಚಾವಣಿ ನೋಡಿದ. ಅವನು ವೆರ್ಣಾದ ಔಷಧದ ಫ್ಯಾಕ್ಟರಿಯಲ್ಲಿ ಗುಣಮಟ್ಟ ಪರೀಕ್ಷೆಯ ವಿಭಾಗದವನು. ದಿನವೂ ಬಿಳಿ ಟೋಪಿ ಹಾಕಿಕೊಂಡು, ಯಾವುದೋ ದೇಶದ ಯಾರದೋ ಅವ್ವ ನುಂಗುವ ಗುಳಿಗೆಯನ್ನು ನೀರಿನಲ್ಲಿ ಕರಗಿಸಿ ಎಷ್ಟು ಹೊತ್ತಿಗೆ ಕರಗಿತೆಂದು ನೋಡುವವನು. ಬೆರಳು ನೋವಿಗೆಂದು ಹಿಂದೆ ಡಾಕ್ಟರು ಬರೆದುಕೊಟ್ಟಿದ್ದ ತನ್ನ ಅವ್ವನ ಗುಳಿಗೆ ನಿಂತ ದಿನ ಅವನು ಮನೆಯಲ್ಲೇ ಇದ್ದ. ಅಡಿಗೆ, ನೈವೇದ್ಯ, ಮಾವನವರ ಊಟ ಮುಗಿದು ಅತ್ತೆ ಉಣ್ಣುವ ತನಕ ಮಡಿ. ಮಡಿಯಲ್ಲಿ ಗುಳಿಗೆಯ ಪಾಕೀಟು ಮುಟ್ಟುವಂತಿಲ್ಲ. ಸುಮೇಧಾ ಗುಳಿಗೆ ಬಿಡಿಸಿಕೊಂಡು ಹೋಗಿ ಹೊಸ್ತಿಲ ಈಚೆ ನಿಂತು, ಅತ್ತೆ ಚಾಚಿದ ಬೊಗಸೆಗೆ ಮೇಲಿನಿಂದ ಹಾಕುತ್ತಿದ್ದಳು, ಹಕ್ಕಿಗೆ ಕಾಳು ಹಾಕಿದ ಹಾಗೆ. ಇಬ್ಬರಿಗೂ ನಗು ಬರುತ್ತಿತ್ತು. ಒಂದು ದಿನ ಮಾವನವರು ನೋಡಿದರು. “ಅದನ್ನ ಯಾವ ಯಾವ ಕೈ ಮುಟ್ಯಾವೋ ಏನೋ. ಅದನ್ನ ಹಿಡದ ಕೈಲೆ ದೇವರ ಅಡಿಗಿ ಮಾಡ್ತೀಯೇನು? ಹಂಗಿದ್ರ ಗುಳಿಗಿನ ನೈವೇದ್ಯ ಮಾಡು.” ಸುಧೀರ ಪೇಪರು ಓದುತ್ತಿದ್ದ. ಪುಟ ತಿರುವಿದ. ಆಮೇಲೆ ಅವಳನ್ನು ಕೋಣೆಗೆ ಕರೆದು, “ಮಧ್ಯಾಹ್ನ ಊಟಾದ ಮ್ಯಾಲೆ ಕೊಡು, ಅಪ್ಪನ ಜೋಡಿ ಯಾಕ ವಾದ?” ಎಂದ. ಮಧ್ಯಾಹ್ನ ಊಟವಾಗುವ ಹೊತ್ತಿಗೆ ಅತ್ತೆ ಕೂತಲ್ಲೇ ತೂಕಡಿಸುತ್ತಿದ್ದರು. ಒಮ್ಮೊಮ್ಮೆ ಅವಳು ಎಬ್ಬಿಸಿ ಕೊಟ್ಟಳು. ಒಮ್ಮೊಮ್ಮೆ ತನ್ವಿಯನ್ನು ಕರೆತರಲು ಹೋದಳು. ಹೀಗೆ ನಿಂತುಹೋಯಿತು. ನಿಲ್ಲಿಸಿದವರು ಯಾರೆಂದು ಕೇಳಿದರೆ ಯಾರನ್ನೂ ತೋರಿಸುವಂತಿಲ್ಲ. ಆದ್ದರಿಂದಲೇ ಎಲ್ಲರಿಗೂ ನೆಲ ಬೇಕಾಗಿತ್ತು. ಒದ್ದೆ ನೆಲದಲ್ಲಿ ಗುಳಿಗೆಯಿಲ್ಲ, ಗಳವಿಲ್ಲ, ಪೇಪರಿನ ಪುಟವಿಲ್ಲ. ಅರಿವೆ ಹಿಡಿದ ಒಬ್ಬ ಸೊಸೆ ಇದ್ದರೆ ಮುಗಿಯಿತು.

“ವೈನಿ, ಕೇಳ್ಸತೇನ್ರಿ?”

“ಕೇಳಿಸ್ತು.”

ಪಡಸಾಲೆಯಲ್ಲಿ ಸುಧೀರ ಬೂಟಿಗೆ ಹತ್ತಿದ ಬೂಷ್ಟು ಒರೆಸಿಕೊಳ್ಳುತ್ತಿದ್ದ. ಕಂಪನಿ ಬಸ್ಸು ಬರುವ ಹೊತ್ತು. ಅವಳು ಹೋಗಿ ಅವನ ಮುಂದೆ ನಿಂತಳು. ಅವನು ತಲೆ ಎತ್ತದೆ, “ಇವತ್ತೊಂದಿನ ಅಲ್ಲ?” ಎಂದ.

“ನಾಳೆ?”

“ನಾಳಿದ್ದು ನಾಳೆ ನೋಡೂಣು. ವಯಸ್ಸಾದವರು, ಉಪವಾಸ ಇದ್ದಾರ. ಒಂದು ಸೀರಿ ಉಟ್ಟ್ರ ಏನ್ ಹೋಗ್ತದ ಸುಮೇಧಾ?”

“ನೆಲ ಒದ್ದಿ ಇತ್ತು ಅಂತ ಯಾಕ ಹೇಳಿದ್ರಿ?”

ಅವನು ಬೂಟಿನ ದಾರ ಬಿಗಿದ. “ಮತ್ತ ಶುರು ಮಾಡಬ್ಯಾಡ. ಏನರೆ ಒಂದು ಹೇಳಬೇಕಿತ್ತು, ಹೇಳಿದೆ. ನಿನಗ ಯಾರು ಏನ್ ಅಂದಾರ?” ಬಾಗಿಲು ತೆರೆದಾಗ ಮಳೆಯ ಸದ್ದು ಒಳಗೆ ನುಗ್ಗಿತು, ಮುಚ್ಚಿದಾಗ ನಿಂತಿತು. ಏನಾದರೂ ಒಂದು ಹೇಳಬೇಕಿತ್ತು, ಹೇಳಿದ. ಹತ್ತಿರ ಸಿಕ್ಕವಳನ್ನು ಎತ್ತಿ ಕೊಟ್ಟ, ಬಸ್ಸಿನಲ್ಲಿ ಚಿಲ್ಲರೆ ಕೊಟ್ಟ ಹಾಗೆ.

ಅವಳು ಬಚ್ಚಲ ಕಡೆ ನಡೆದಳು. ನಡೆಯುವಾಗ ಮತ್ತೆ ಆ ಸದ್ದುಗಳು. ಆ ದಿನದಿಂದ ಅವು ಅವಳನ್ನು ಬಿಟ್ಟಿರಲಿಲ್ಲ. ಅತ್ತೆ ಬಿದ್ದ ಆ ಬೆಳಿಗ್ಗೆ ಅವಳು ಅಡಿಗೆಮನೆಯಲ್ಲಿ ತನ್ವಿಯ ಡಬ್ಬಿಗೆ ಚಪಾತಿ ಸುತ್ತುತ್ತಿದ್ದಳು. ದೇವರ ಕೋಣೆಯಲ್ಲಿ ಮಾವನವರ ಮಂಗಳಾರತಿಯ ಘಂಟೆ ಆಗಷ್ಟೇ ಶುರುವಾಗಿತ್ತು. ಹಾಲು ಉಕ್ಕಿ ಬಿದ್ದಿತೆಂದು ಅತ್ತೆ ಮತ್ತೊಮ್ಮೆ ಸ್ನಾನ ಮಾಡಿ ಸೀರೆ ಬದಲಿಸಿ, ಬಿಚ್ಚಿದ್ದನ್ನು ಹಿಂಡಿ ಗಳಕ್ಕೆ ಏರಿಸುತ್ತಿದ್ದರು. ಘಂಟೆಯ ನಡುವೆ ಒಣಗಿದ ತೆಂಗಿನ ಗರಿಯ ದಿಂಡು ಲಟಕ್ಕನೆ ಮುರಿದಂತೆ ಒಂದು ಸದ್ದು. ಆಮೇಲೆ ಕೋಲು ನೆಲಕ್ಕೆ ಬಿದ್ದ ಸದ್ದು. ಆಮೇಲೆ ಮೈ. ಇದೇ ಸಾಲು. ಆದರೆ ಎಷ್ಟು ಸಲ ನೆನೆದಳೋ ಅಷ್ಟು ಸಲ ಅದು ಸವೆದು, ಈಗ ಅದು ಕೇಳಿದ್ದೋ ತಾನು ಕೇಳಬೇಕೆಂದುಕೊಂಡದ್ದೋ ಗೊತ್ತಾಗುತ್ತಿರಲಿಲ್ಲ. ಮೈ ಬಿದ್ದು ಆಮೇಲೆ ಲಟಕ್ಕೆಂದಿದ್ದರೆ? ಪಡಸಾಲೆಯಲ್ಲಿ ತಾನು ಒರೆಸಿದ ನೀರು ಆ ಕಡೆ ಹರಿದಿದ್ದರೆ? ಅವಳ ಕಿವಿಯ ಮೇಲೆ ಅವಳಿಗೇ ನಂಬಿಕೆ ಹೋಗುವ ಹಾಗೆ ಮಾಡಿದ್ದರಲ್ಲ, ಅದಕ್ಕೆ ಕ್ಷಮೆಯಿರಲಿಲ್ಲ.

ತನಗೂ ಇರಲಿಲ್ಲ. ಅವಳು ಓಡಿ ಬಂದದ್ದು ನಿಜ. ಬಂದು ಆ ದಾರಿಯ ಅಂಚಿನಲ್ಲಿ ನಿಂತದ್ದೂ ನಿಜ. ಅತ್ತೆ ಒಂದು ಮಗ್ಗುಲಿಗೆ ಬಿದ್ದಿದ್ದರು, ಒಂದು ಕಾಲು ಗಿಡ್ಡವಾಗಿ ಹೊರಕ್ಕೆ ತಿರುಗಿ ಬೇರೆ ಯಾರದೋ ಕಾಲಿನ ಹಾಗೆ ಬಿದ್ದಿತ್ತು. ಅವಳು ಎರಡೂ ಕೈ ಚಾಚಿ ಬಗ್ಗಿ, “ಮುಟ್ಟಲೇನ್ರಿ ಅತ್ಯಾ?” ಎಂದಿದ್ದಳು. ಕೇಳಿದ್ದಳು! ಅತ್ತೆ ಹೂಂ ಎನ್ನುವ ಮೊದಲೇ ದೇವರ ಕೋಣೆಯಿಂದ, ಘಂಟೆ ನಿಲ್ಲಿಸದೆ, “ಮುಟ್ಟಬ್ಯಾಡ, ಆರತಿ ಆಗ್ಲಿ” ಎಂದು ಕೇಳಿತು. ಆರತಿ ಆಗುವ ತನಕ ಅವಳು ಹಾಗೇ ಬಗ್ಗಿ ನಿಂತಿದ್ದಳು, ಕೈ ಚಾಚಿಕೊಂಡು. ಅತ್ತೆ ಅವಳ ಕೈಯನ್ನೇ ನೋಡುತ್ತಿದ್ದರು. ಆ ನೋಟ ಇನ್ನೂ ಬೆರಳ ತುದಿಯಲ್ಲಿ ಅಂಟಿಕೊಂಡಿದೆ. ಯಾವ ನೀರಿಗೂ ಹೋಗುವುದಿಲ್ಲ.

ಗಳದ ಕೆಳಗೆ ಅವಳು ನಿಂತಳು. ಸೀರೆ ಭಾರಕ್ಕೆ ನಡುವೆ ಜೋತುಬಿದ್ದು ತಣ್ಣಗೆ ವಾಸನೆ ಬಿಡುತ್ತಿತ್ತು. ಕೋಣೆಯ ಒಳಗಿನಿಂದ ಅತ್ತೆಯ ದನಿ ಬಂತು, ಸಣ್ಣದು, “ಸುಮೀ, ನಡಸ್ತೀಯೇನs? ಆ ಹುಡುಗಿ ದಿನಾ ಎರಡು ಸಲ ಅಂದಿತ್ತು.” ಆಸ್ಪತ್ರೆಯಲ್ಲಿ ವ್ಯಾಯಾಮ ಮಾಡಿಸುವ ಹುಡುಗಿ ಸೊಂಟಕ್ಕೆ ಅಗಲ ಪಟ್ಟಿ ಕಟ್ಟಿ, ಹಿಂದಿನಿಂದ ಅದನ್ನು ಹಿಡಿದು ವಾಕರಿನ ಮೇಲೆ ನಡೆಸುತ್ತಿದ್ದಳು. ಮಲಗಿದಷ್ಟೂ ಮೈ ಕರಗುತ್ತದೆ, ಮುರಿದ ಮೇಲೆ ಒಳಗಿನ ಬಾವು ಇನ್ನಷ್ಟು ಏಳುತ್ತದೆ, ಗುಳಿಗೆಯನ್ನೂ ನಡಿಗೆಯನ್ನೂ ಯಾವ ಕಾರಣಕ್ಕೂ ಬಿಡಬೇಡಿ ಎಂದು ಡಾಕ್ಟರಬಾಯಿ ಸುಮೇಧಾಳ ಹೆಗಲು ಹಿಡಿದು ಹೇಳಿದ್ದರು. ನಿನ್ನೆ ಅವಳು ಟವಲಿನಿಂದ ಕಟ್ಟಿ ನೋಡಿದ್ದಳು. ಗಂಟು ನಿಲ್ಲಲಿಲ್ಲ, ಅತ್ತೆ ಹೆದರಿ ಕೂತುಬಿಟ್ಟರು. ಮಾವನವರು ಬಾಗಿಲಾಚೆ ನಿಂತು, “ಮಲಗಲಿ ಬಿಡು, ಎಲುಬು ತಾನs ಕೂಡ್ತದ. ನೆಲ ನೋಡು ಮೊದಲ” ಎಂದಿದ್ದರು.

ಸುಮೇಧಾ ಕೋಲಿನ ಕಡೆ ನೋಡಲಿಲ್ಲ. ಬಚ್ಚಲ ಸ್ಟೂಲು ಎಳೆದು ಹತ್ತಿ, ಸ್ನಾನ ಮಾಡದ ಮೈಯಲ್ಲಿ, ಒಗ್ಗರಣೆಯ ವಾಸನೆಯ ಕೈಯಲ್ಲಿ, ಸೀರೆಯನ್ನು ಹಿಡಿದು ಎಳೆದಳು. ಅದು ಒಮ್ಮೆ ಗಳಕ್ಕೆ ಅಂಟಿಕೊಂಡು, ಆಮೇಲೆ ಒಟ್ಟಿಗೆ ಅವಳ ಮೇಲೆ ಬಿತ್ತು.

“ವೈನೀ!” ಮಂದಾಕಿನಿ ಚೀರಿದಳು. “ಹುಚ್ಚು ಹಿಡದದೇನ್ರಿ? ಸ್ನಾನಾ ಆಗಿಲ್ಲ ನಿಮ್ದು!”

ದೇವರ ಕೋಣೆಯಲ್ಲಿ ಮಂತ್ರ ನಿಂತಿತು.

ಅವಳು ಕೋಣೆಗೆ ಹೋಗಿ ಹಾಸಿಗೆಯ ಮೇಲೆ ಸೀರೆಯನ್ನು ಉದ್ದುದ್ದಕ್ಕೆ ಮಡಚಿದಳು. ಅತ್ತೆಯನ್ನು ಮೆಲ್ಲಗೆ ಎಬ್ಬಿಸಿ ಅಂಚಿಗೆ ಕೂರಿಸಿ, ಆಪರೇಶನ್ನಿನ ಕಡೆಯನ್ನು ತಾಗದ ಹಾಗೆ, ಸೊಂಟದ ಸುತ್ತ ಬಳಸಿದಳು. ಅತ್ತೆ ಗೋದಾಬಾಯಿ ಮೂಗು ಅರಳಿಸಿದರು. ಸೊಟ್ಟ ಬೆರಳುಗಳಿಂದ ಬಟ್ಟೆಯ ಅಂಚು ಸವರಿದರು.

“ಗಳದ ಮ್ಯಾಲಿಂದ ಏನ ಇದು?”

“ಹೌದ್ರಿ.”

“ನಿನ್ನ ಸ್ನಾನಾ?”

“ಇಲ್ರಿ. ಮುಟ್ಟಲೇನ್ರಿ ಅಂತ ಕೇಳೂದೂ ಇಲ್ಲ.”

ಬಿಂದುಮಾಧವರಾಯರು ಬಾಗಿಲಿಗೆ ಬಂದಿದ್ದರು, ಪಂಚೆಯ ಚುಂಗು ಹಿಡಿದುಕೊಂಡು, ಉಪವಾಸದಿಂದ ಕೆನ್ನೆ ಒಳಗೆ ಹೋಗಿತ್ತು. ಅವರ ಹಿಂದೆ ಮಂದಾಕಿನಿ. ರಾಯರು ಸೊಸೆಯ ಜೊತೆ ಮಾತಾಡಲಿಲ್ಲ. “ನೋಡಿದೇನು ಗೋದಾ? ಕೆಡವಿದ್ದು ಸಾಲ್ಲಿಲ್ಲ ಈಕಿಗೆ.”

ಸುಮೇಧಾ ಸೀರೆಯ ತುದಿ ಬಿಡದೆ ಅವರ ಕಡೆ ತಿರುಗಿದಳು. ಅವಳು ಬಾಯಿ ತೆರೆದಳು. ಆದರೆ ಮಾತಾಡಿದ್ದು ಅತ್ತೆ.

“ಕೆಡವಿದ್ದು ಯಾರು?”

“ನೆಲ ಒದ್ದಿ ಇತ್ತಲ್ಲ...”

“ನೆಲ ಒಣಗಿತ್ತು. ನಾ ಇನ್ನೂ ಗಳದ ಬುಡಕs ಇದ್ದೆ, ದಾರಿಗೆ ಕಾಲ ಇಟ್ಟಿದ್ದಿಲ್ಲ. ಕೋಲು ಎತ್ತಿ ಹಿಂಗ ತಿರುಗಿದೆ, ಒಳಗ ಲಟ್ ಅಂತು. ಮೊದಲ ಮುರೀತು. ಆಮ್ಯಾಲೆ ಬಿದ್ದೆ. ಭಾಳ ದಿನದಿಂದ ಆ ಕಾಲು ಹೇಳ್ಲಿಕ್ಕತ್ತಿತ್ತು.” ಉಸಿರು ತೆಗೆದುಕೊಂಡರು. “ನಿಮ್ಮ ಘಂಟಿ ನಡದಿತ್ತು. ನಿಮಗ ಕೇಳಿರಲಿಕ್ಕಿಲ್ಲ.”

ರಾಯರ ಕೈಯಲ್ಲಿನ ಚುಂಗು ಜಾರಿತು. ಮಂದಾಕಿನಿ ತನ್ನ ಬೆರಳಿನ ಉಂಗುರವನ್ನು ತಿರುವಲು ನೋಡಿದಳು. ಅದು ತಿರುಗಲಿಲ್ಲ. ಸುಮೇಧಾಳಿಗೆ ಹಗುರವಾಗಬೇಕಿತ್ತು. ಬದಲಿಗೆ ಎದ್ದದ್ದು ಈ ಮುದುಕಿಯ ಮೇಲಿನ ಸಿಟ್ಟು, ಇಷ್ಟು ದಿನ ಕುಡಿಸಿದ, ತಿನ್ನಿಸಿದ, ಹೇಲು ಉಚ್ಚೆ ಬಳಿದ ಪ್ರೀತಿಯೆಲ್ಲ ಒಟ್ಟಿಗೆ ತಿರುಗಿ ನಿಂತಂಥ ಸಿಟ್ಟು. “ಮತ್ತ ಇಷ್ಟ ದಿನಾ ಯಾಕ ಸುಮ್ಮನಿದ್ರಿ? ಬಂದವರೆಲ್ಲ ನನ್ನ ಮಾರಿ ನೋಡೋವಾಗ ಯಾಕ ಸುಮ್ಮನ ಮಲಗಿದ್ರಿ?”

ಗೋದಾಬಾಯಿ ಅವಳನ್ನು ನೋಡಿದರು. ಆ ದಿನ ನೆಲದಿಂದ ನೋಡಿದಂತೆಯೇ.

“ನನ್ನ ಯಾರು ಕೇಳಿದ್ರಿ? ಎಲ್ಲಾರೂ ನೆಲಾ ನೋಡಿದ್ರಿ. ನೀನೂ ನೆಲಾನ ನೋಡ್ಲಿಕ್ಕತ್ತಿದ್ದಿ.”

ಹೊರಗೆ ಮಳೆ ಒಮ್ಮೆ ಜೋರಾಗಿ ಹೊಯ್ದು ಸಣ್ಣದಾಯಿತು. ಸುಮೇಧಾ ಮೊಣಕಾಲೂರಿ ಸೀರೆಯ ಎರಡು ತುದಿಗಳನ್ನು ಹಿಡಿದುಕೊಂಡೇ ಇದ್ದಳು. ಹೌದು, ಕೇಳಿರಲಿಲ್ಲ. ಹಾಲು ಕೊಡಲೇನ್ರಿ, ಮಗ್ಗುಲಾಗ್ತೀರೇನ್ರಿ, ನೋವು ಅದ ಏನ್ರಿ, ಎಲ್ಲ ಕೇಳಿದ್ದಳು. ಅದೊಂದನ್ನು ಕೇಳಲು ಹೆದರಿದ್ದಳು. ಅತ್ತೆಯ ಕೈ ಅವಳ ಕೈಯ ಮೇಲೆ ಬಂತು. ಬಿಸಿಯಾಗಿತ್ತು, ಗುಳಿಗೆ ಮತ್ತೆ ಶುರುವಾಗಿ ಇನ್ನೂ ಕೆಲವೇ ದಿನ, ಇನ್ನೂ ಆರಿರಲಿಲ್ಲ.

“ಗಟ್ಟಿ ಕಟ್ಟು” ಎಂದರು ಅತ್ತೆ. “ಸಡ್ಲಾದ್ರ ಬೀಳ್ತೀನಿ.”

ಅವಳು ಕಟ್ಟಿದಳು. ಇನ್ನೊಂದು ಗಂಟು ಹಾಕಿದಳು. ವಾಕರನ್ನು ಮುಂದಕ್ಕೆ ಸರಿಸಿ, ಹಿಂದೆ ಗಂಟಿನಲ್ಲಿ ಮುಷ್ಟಿ ಸೇರಿಸಿ ಹಿಡಿದು ಎತ್ತಿದಳು. ಗೋದಾಬಾಯಿ ನರಳಿದರು, ನಿಂತರು, ಕಾಲು ಇಟ್ಟರು. ಬಾಗಿಲಿಗೆ ಬಂದಾಗ ರಾಯರು ದಾರಿ ಬಿಡಬೇಕಾಯಿತು. ಹೆಂಡತಿ ತಾಗದ ಹಾಗೆ, ಸೊಸೆ ತಾಗದ ಹಾಗೆ, ಆ ಸೀರೆ ತಾಗದ ಹಾಗೆ ಅವರು ಹೊಟ್ಟೆ ಒಳಕ್ಕೆಳೆದು ಗೋಡೆಗೆ ಅಂಟಿ ನಿಂತರು. “ಗೋದಾ, ಪಾರಣಿ...” ಎಂದರು, ಹಸಿದ ಕೂಸಿನ ದನಿಯಲ್ಲಿ. ಒಂದು ಗಳಿಗೆ ಸುಮೇಧಾಳಿಗೆ ಪಾಪ ಅನಿಸಿತು. ಅನಿಸಿದ್ದಕ್ಕೆ ಹಲ್ಲು ಕಚ್ಚಿದಳು.

“ಅಡಿಗಿಮನಿ ಒಲಿ ಮ್ಯಾಲೆ ನಾ ಮಾಡಿದ ಅನ್ನ ಅದ ಮಾವಾರ” ಎಂದಳು, ತಿರುಗದೆ. “ಉಣ್ಣೂದು ಬಿಡೂದು ನಿಮ್ಮದು.”

ವಾಕರು ಟಕ್ಕೆಂದಿತು. ಕಾಲು ಎಳೆಯಿತು. ಮತ್ತೆ ಟಕ್. ಇಬ್ಬರೂ ಮಡಿಯ ದಾರಿಗೆ ಇಳಿದರು. ಗಂಟಿನಿಂದ ಉಳಿದ ಸೀರೆಯ ಕೊನೆ ಅವಳ ಹಿಂದೆ ಉದ್ದಕ್ಕೆ ಎಳೆಯುತ್ತ, ಹೊಳೆಯುವ ಟೈಲ್ಸಿನ ಮೇಲೆ ಅಗಲವಾಗಿ ನೀರು ಬಳಿಯುತ್ತ ಬಂತು. ಈಗ ನೆಲ ಖರೇ ಒದ್ದೆಯಾಗಿತ್ತು. ಅತ್ತೆ ಬೀಳಲಿಲ್ಲ.